ಮೊಸರುಬಜ್ಜಿಯ ತಂಪು ಎಲ್ಲಿದೆ?

ಬಿಸಿಲು ಏರಿದ ದಿನಗಳಲ್ಲಿ ಊಟಕ್ಕೆ ಸೌತೆಕಾಯಿ ಮೊಸರುಬಜ್ಜಿ ಇದ್ದರೆ ಮೈ ತಣ್ಣಗಾಗುತ್ತದೆ ಎಂಬುದು ಕನ್ನಡನಾಡಿನ ಯಾವ ಮನೆಯಲ್ಲೂ ವಾದಕ್ಕೆ ಬರುವ ಸಂಗತಿಯಲ್ಲ. ಸಣ್ಣಗೆ ಹೆಚ್ಚಿದ ಸೌತೆಕಾಯಿ, ಗಟ್ಟಿ ಮೊಸರು, ಉಪ್ಪು, ಜಜ್ಜಿದ ಹಸಿಮೆಣಸು, ಕೊತ್ತಂಬರಿ ಸೊಪ್ಪು, ಮೇಲೊಂದು ಸಾಸಿವೆ ಒಗ್ಗರಣೆ. ಇಷ್ಟರಿಂದ ಸಿಗುವ ಹಿತ ಸುಳ್ಳಲ್ಲ. ಆದರೆ ಆ ಹಿತಕ್ಕೆ ನಾವು ಕೊಟ್ಟುಕೊಳ್ಳುವ ಕಾರಣ ಹೆಚ್ಚಾಗಿ ತಪ್ಪು. ತಣ್ಣನೆಯ ಪದಾರ್ಥ ಒಳಗೆ ಹೋಯಿತು, ಆದ್ದರಿಂದ ದೇಹ ತಣ್ಣಗಾಯಿತು ಎಂದು ಭಾವಿಸುತ್ತೇವೆ. ಅದನ್ನೇ ನಂಬಿ ಬಟ್ಟಲನ್ನು ಫ್ರಿಜ್ಜಿನಲ್ಲಿ ಗಂಟೆಗಟ್ಟಲೆ ಇಡುತ್ತೇವೆ, ಐಸ್ ತುಂಡು ಹಾಕುತ್ತೇವೆ. ಮೊಸರುಬಜ್ಜಿಯ ತಂಪು ಮುಖ್ಯವಾಗಿ ನಾಲಗೆಯ ನರಗಳಲ್ಲಿದೆ, ಆಮೇಲೆ ಬೆವರಿನಲ್ಲಿದೆ. ಬಟ್ಟಲಿನ ತಾಪಮಾನದಲ್ಲಿ ಅದರ ಪಾಲು ತೀರ ಚಿಕ್ಕದು ಎಂಬುದು ನನ್ನ ವಾದ. ಇದನ್ನು ಒಪ್ಪಿದರೆ ಮೊಸರುಬಜ್ಜಿ ಮಾಡುವ ಕ್ರಮದಲ್ಲೂ ಕೆಲವು ಬದಲಾವಣೆ ಬೇಕಾಗುತ್ತದೆ.

ಮೊದಲು ಲೆಕ್ಕ ನೋಡೋಣ. ನೂರು ಗ್ರಾಂ ಮೊಸರು, ಐವತ್ತು ಗ್ರಾಂ ಸೌತೆಕಾಯಿ ಸೇರಿದ ಒಂದು ಬಟ್ಟಲನ್ನು ಫ್ರಿಜ್ಜಿನಿಂದ ತೆಗೆದು 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಿಂದೆವು ಎನ್ನಿ. ಅದು ದೇಹದ 37 ಡಿಗ್ರಿಗೆ ಏರುವಷ್ಟರಲ್ಲಿ ನಮ್ಮಿಂದ ಸುಮಾರು 16 ಕಿಲೋಜೂಲ್ ಶಾಖ ಹೀರಿಕೊಳ್ಳುತ್ತದೆ. 60 ಕಿಲೋ ತೂಕದ ದೇಹವನ್ನು ಒಂದೇ ಒಂದು ಡಿಗ್ರಿ ಇಳಿಸಲು ಬೇಕಾದದ್ದು ಸುಮಾರು 210 ಕಿಲೋಜೂಲ್. ಅಂದರೆ ಆ ಬಟ್ಟಲು ಇಳಿಸಬಲ್ಲದ್ದು ಒಂದು ಡಿಗ್ರಿಯ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಸುಮ್ಮನೆ ಕುಳಿತ ಮನುಷ್ಯನ ದೇಹ ಸೆಕೆಂಡಿಗೆ ಸುಮಾರು 80 ಜೂಲ್ ಶಾಖ ಹುಟ್ಟಿಸುತ್ತಲೇ ಇರುತ್ತದೆ. ಬಟ್ಟಲು ಹೀರಿಕೊಂಡಷ್ಟನ್ನು ಮೂರೂವರೆ ನಿಮಿಷದೊಳಗೆ ಮತ್ತೆ ತುಂಬಿಕೊಳ್ಳುತ್ತದೆ. ಇನ್ನೊಂದು ವಿಷಯವೂ ಇದೆ. ಅದೇ ಬಟ್ಟಲಿನ ಕೊಬ್ಬು, ಪ್ರೋಟೀನ್, ಸಕ್ಕರೆಗಳು ಜೀರ್ಣವಾದಾಗ ದೊರೆಯುವ ಶಕ್ತಿ ಸುಮಾರು 270 ಕಿಲೋಜೂಲ್, ಅದರಲ್ಲಿ ಬಹುಪಾಲು ಕೊನೆಗೆ ಶಾಖವಾಗಿಯೇ ಹೊರಬರಬೇಕು. ಬರೀ ಶಾಖದ ಜಮಾಖರ್ಚಿನಲ್ಲಿ ನೋಡಿದರೆ ಮೊಸರುಬಜ್ಜಿ ಮೈಗೆ ಬಿಸಿ ಕೊಡುವ ಆಹಾರವೇ, ಉಳಿದೆಲ್ಲ ಆಹಾರಗಳ ಹಾಗೆ.

ಹಾಗಿದ್ದರೆ ಆ ಹಿತ ಎಲ್ಲಿಂದ ಬಂತು? ಮೊಸರುಬಜ್ಜಿಯನ್ನು ನಾವು ಒಂಟಿಯಾಗಿ ತಿನ್ನುವುದಿಲ್ಲ. ಅದು ಖಾರದ ಪಲಾವು, ಬಿರಿಯಾನಿ, ಬಿಸಿಬೇಳೆ ಬಾತುಗಳ ಜೊತೆಗಾರ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಎಂಬ ವಸ್ತು ನಾಲಗೆಯ ರುಚಿಮೊಗ್ಗುಗಳನ್ನು ಮುಟ್ಟುವುದಿಲ್ಲ. ನೋವು ಮತ್ತು ಬಿಸಿಯನ್ನು ತಿಳಿಸುವ ನರಗಳ ತುದಿಯಲ್ಲಿರುವ ಒಂದು ಪ್ರೋಟೀನ್ ದ್ವಾರವನ್ನು ತೆರೆಯುತ್ತದೆ. ಟಿಆರ್‌ಪಿವಿ1 ಎಂಬ ಈ ದ್ವಾರವನ್ನು ಕ್ಯಾಲಿಫೋರ್ನಿಯಾದ ಡೇವಿಡ್ ಜೂಲಿಯಸ್ ಅವರ ಪ್ರಯೋಗಾಲಯ 1997ರಲ್ಲಿ ಗುರುತಿಸಿತು; ಆ ಕೆಲಸಕ್ಕೆ 2021ರಲ್ಲಿ ಅವರಿಗೆ ಆರ್ಡೆಮ್ ಪಟಪೂಟಿಯನ್ ಅವರೊಂದಿಗೆ ನೊಬೆಲ್ ಪ್ರಶಸ್ತಿ ಬಂತು. ಸಹಜವಾಗಿ ಈ ದ್ವಾರ ತೆರೆಯುವುದು ಸುಮಾರು 43 ಡಿಗ್ರಿ ದಾಟಿದ ಬಿಸಿಗೆ, ಅಂದರೆ ಅಂಗಾಂಶ ಸುಡಲು ಶುರುವಾಗುವ ಹಂತಕ್ಕೆ. ಕ್ಯಾಪ್ಸೈಸಿನ್ ಅಂಟಿಕೊಂಡರೆ ಬಾಯಿಯ ಸಹಜ ತಾಪಮಾನದಲ್ಲೇ ಅದು ತೆರೆದುಕೊಳ್ಳುತ್ತದೆ. ಮಿದುಳಿಗೆ ತಲುಪುವ ಸಂದೇಶ ಒಂದೇ: ಬಾಯಿ ಸುಡುತ್ತಿದೆ. ಖಾರ ತಿಂದ ಮೇಲೆ ಬಿಸಿ ಸಾರು ಕುಡಿದರೆ ಉರಿ ಇಮ್ಮಡಿಯಾಗುವುದು ಇದರಿಂದಲೇ. ಹಕ್ಕಿಗಳಲ್ಲೂ ಇಂಥದೇ ದ್ವಾರವಿದೆ, ಆದರೆ ಕ್ಯಾಪ್ಸೈಸಿನ್‌ಗೆ ಅದು ಜಗ್ಗುವುದಿಲ್ಲ. ಹಾಗಾಗಿ ಗಿಳಿ ಹಣ್ಣುಮೆಣಸನ್ನು ನಿರಾಳವಾಗಿ ತಿನ್ನುತ್ತದೆ. ಕರಿಮೆಣಸಿನ ಪೈಪರೀನ್ ಕೂಡ ನಮ್ಮಲ್ಲಿ ಇದೇ ದ್ವಾರವನ್ನು ತಟ್ಟುತ್ತದೆ. ಪೋರ್ಚುಗೀಸರ ಕಾಲದಲ್ಲಿ ಅಮೆರಿಕ ಖಂಡದ ಮೆಣಸಿನಕಾಯಿ ಬರುವುದಕ್ಕೆ ಮುಂಚೆಯೂ ನಮ್ಮ ಊಟದಲ್ಲಿ ಮೊಸರಿಗೆ ಈ ಕೆಲಸ ಇದ್ದೇ ಇತ್ತು.

ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ ಎನ್ನಬಹುದಾದಷ್ಟು ಕಡಿಮೆ ಕರಗುತ್ತದೆ, ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಐಸ್ ನೀರು ಕುಡಿದಾಗ ಆ ದ್ವಾರದ ಚಟುವಟಿಕೆ ತಣ್ಣಗಿರುವಷ್ಟು ಹೊತ್ತು ತಗ್ಗುತ್ತದೆ. ಗುಟುಕು ಇಳಿದು ಬಾಯಿ ಬೆಚ್ಚಗಾದೊಡನೆ ಉರಿ ಮರಳುತ್ತದೆ, ಏಕೆಂದರೆ ಖಾರದ ಅಣುಗಳು ಇದ್ದಲ್ಲೇ ಇವೆ. ಮೊಸರು ಬೇರೆ ಕೆಲಸ ಮಾಡುತ್ತದೆ. ಹಾಲಿನ ಪ್ರೋಟೀನಿನಲ್ಲಿ ಸುಮಾರು ಐದನೇ ನಾಲ್ಕು ಭಾಗ ಕೇಸೀನ್. ಇದರ ಅಣುವಿನಲ್ಲಿ ನೀರನ್ನು ದೂರವಿಡುವ, ಜಿಡ್ಡಿನ ವಸ್ತುಗಳನ್ನು ಹತ್ತಿರ ಸೇರಿಸುವ ಭಾಗಗಳಿವೆ. ಕ್ಯಾಪ್ಸೈಸಿನ್ ಅಲ್ಲಿಗೆ ಅಂಟಿಕೊಂಡು ನರತುದಿಯಿಂದ ದೂರವಾಗುತ್ತದೆ. ಕೆಲಸವೆಲ್ಲ ಕೆನೆಯದು, ಕೆನೆ ತೆಗೆದ ಮೊಸರಿನಿಂದ ಪ್ರಯೋಜನವಿಲ್ಲ ಎಂದು ಕೆಲವರು ಆಕ್ಷೇಪಿಸುತ್ತಾರೆ. ಕೊಬ್ಬು ನೆರವಾಗುತ್ತದೆ ಎಂಬುದರಲ್ಲಿ ಅರ್ಥವಿದೆ. ಆದರೆ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಹಲವು ಪಾನೀಯಗಳನ್ನು ಹೋಲಿಸಿದಾಗ ಗಟ್ಟಿ ಹಾಲೂ ಕೆನೆ ತೆಗೆದ ಹಾಲೂ ಖಾರವನ್ನು ಹೆಚ್ಚುಕಡಿಮೆ ಸಮನಾಗಿ ತಗ್ಗಿಸಿದವು, ಬರೀ ನೀರು ಹಿಂದೆ ಬಿತ್ತು. ಕೊಬ್ಬೊಂದೇ ಕಾರಣವಾಗಿದ್ದರೆ ಹೀಗಾಗುತ್ತಿರಲಿಲ್ಲ. ಅದೇ ಪರೀಕ್ಷೆಯಲ್ಲಿ ಸಿಹಿ ಪಾನೀಯವೂ ಚೆನ್ನಾಗಿ ಕೆಲಸ ಮಾಡಿತು. ಬಾಳೆಹಣ್ಣೋ ದಾಳಿಂಬೆಯೋ ಬಿದ್ದ ಸಿಹಿ ಮೊಸರುಬಜ್ಜಿ ಖಾರಕ್ಕೆ ಹಿತವೆನಿಸುವುದರ ಹಿಂದೆಯೂ ಇಂಥದೇ ಕಾರಣ ಇರಬೇಕೆಂದು ನನಗೆ ಅನಿಸುತ್ತದೆ.

ಇಲ್ಲಿಂದ ಮೊಸರಿನ ಗುಣಕ್ಕೆ ಬರಬೇಕು, ಏಕೆಂದರೆ ಎಲ್ಲ ಮೊಸರೂ ಈ ಕೆಲಸಕ್ಕೆ ಒಂದೇ ಅಲ್ಲ. ಹಾಲನ್ನು ಕಾಯಿಸದೆ ಹೆಪ್ಪು ಹಾಕಿದರೆ ಮೊಸರು ಸಡಿಲ. ಚೆನ್ನಾಗಿ ಕಾಯಿಸಿದಾಗ ಹಾಲಿನ ನೀರಿನಂಶದಲ್ಲಿ ಕರಗಿರುವ ಪ್ರೋಟೀನುಗಳು ಬಿಚ್ಚಿಕೊಂಡು ಕೇಸೀನ್ ಕಣಗಳಿಗೆ ಅಂಟುತ್ತವೆ. ಆಮೇಲೆ ಹೆಪ್ಪಿನ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲವಾಗಿಸುತ್ತ ಹೋಗುತ್ತವೆ. ಹಾಲಿನ ಪಿಎಚ್ 6.6ರ ಆಸುಪಾಸಿನಿಂದ 4.6ರ ಕಡೆಗೆ ಇಳಿದಂತೆ ಕೇಸೀನ್ ಕಣಗಳು ಒಂದನ್ನೊಂದು ದೂರ ತಳ್ಳುವ ವಿದ್ಯುದಂಶವನ್ನು ಕಳೆದುಕೊಂಡು ಕೈಕೈ ಹಿಡಿಯುತ್ತವೆ. ಹೀಗೆ ಕಟ್ಟಿದ ಜಾಲದೊಳಗೆ ತೂಕದ ಹತ್ತರಲ್ಲಿ ಎಂಟು ಪಾಲಿಗಿಂತ ಹೆಚ್ಚು ನೀರು ಅಲುಗಾಡದೆ ಕೂತಿರುತ್ತದೆ. ಬ್ಯಾಕ್ಟೀರಿಯಾಗಳು ಅಲ್ಲಿಗೇ ನಿಲ್ಲುವುದಿಲ್ಲ. ಬೆಚ್ಚಗಿನ ಅಡುಗೆಮನೆಯಲ್ಲಿ ಬಿಟ್ಟರೆ ಹುಳಿ ಏರುತ್ತದೆ, ಜಾಲ ಕುಗ್ಗಿ ನೀರು ಬಿಡುತ್ತದೆ. ಟಿಆರ್‌ಪಿವಿ1 ದ್ವಾರ ಆಮ್ಲಕ್ಕೂ ಸ್ಪಂದಿಸುತ್ತದೆ. ಹುಳಿ ಇದ್ದಾಗ ಕ್ಯಾಪ್ಸೈಸಿನ್‌ನ ಏಟು ಇನ್ನೂ ಜೋರು. ಖಾರದ ಊಟಕ್ಕೆ ಹುಳಿ ಮೊಸರಿನ ಬಜ್ಜಿ ಮಾಡುವವರು ಒಂದು ಕೈಯಿಂದ ಕೊಟ್ಟು ಇನ್ನೊಂದರಿಂದ ಕಿತ್ತುಕೊಳ್ಳುತ್ತಾರೆ. ಆಗಷ್ಟೇ ಕಟ್ಟಿದ, ಸಿಹಿ ಉಳಿದಿರುವ ಮೊಸರೇ ಇದಕ್ಕೆ ತಕ್ಕದ್ದು. ಹುಳಿ ಮೊಸರು ಮಜ್ಜಿಗೆಹುಳಿಗೆ ಹೋಗಲಿ.

ಇಷ್ಟು ನಾಲಗೆಯ ಮಾತಾಯಿತು. ಖಾರವೇ ಇಲ್ಲದ ಊಟದಲ್ಲೂ ಬೇಸಿಗೆಯ ಮೊಸರುಬಜ್ಜಿ ಹಿತವಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಬೆವರಿನಲ್ಲಿದೆ. ಚರ್ಮದ ಮೇಲೆ ಒಂದು ಗ್ರಾಂ ಬೆವರು ಆರಿದರೆ ಸುಮಾರು 2.4 ಕಿಲೋಜೂಲ್ ಶಾಖ ಹೊರಟುಹೋಗುತ್ತದೆ. ನಮ್ಮ ಬಟ್ಟಲಿನಲ್ಲಿ, ಮೊಸರಿನದೂ ಸೌತೆಕಾಯಿಯದೂ ಸೇರಿ, ಸುಮಾರು 135 ಗ್ರಾಂ ನೀರಿದೆ. ಅಷ್ಟೂ ಬೆವರಾಗಿ ಆರಿದರೆ ಹೊರಹೋಗುವ ಶಾಖ 320 ಕಿಲೋಜೂಲ್ ದಾಟುತ್ತದೆ. ಫ್ರಿಜ್ಜಿನ ತಣುವು ಕೊಟ್ಟ 16 ಕಿಲೋಜೂಲಿಗೆ ಇದು ಇಪ್ಪತ್ತು ಪಟ್ಟು. ನೀರು ಕುಡಿದ ಮಾತ್ರಕ್ಕೆ ಬೆವರು ಹೆಚ್ಚುವುದಿಲ್ಲ, ನಿಜ. ದೇಹಕ್ಕೆ ಎಷ್ಟು ಬೇಕೋ ಅಷ್ಟೇ ಅದು ಬೆವರುತ್ತದೆ. ಆದರೆ ಕಳೆದದ್ದು ತುಂಬದಿದ್ದರೆ ಬೆವರುವ ಶಕ್ತಿ ಕುಂದುತ್ತದೆ, ಅಪಾಯ ಶುರುವಾಗುವುದು ಅಲ್ಲೇ. ಹಾಗಾದರೆ ಒಂದು ಲೋಟ ನೀರು ಸಾಲದೇ? ನೀರಿನ ಮಟ್ಟಿಗೆ ಸಾಕು. ಬೆವರಿನ ಜೊತೆ ಹೋಗುವ ಸೋಡಿಯಂ ಬರೀ ನೀರಿನಿಂದ ಮರಳುವುದಿಲ್ಲ. ಮೊಸರುಬಜ್ಜಿಯ ಚಿಟಿಕೆ ಉಪ್ಪಿನಿಂದ ಮರಳುತ್ತದೆ, ಜೊತೆಗೆ ಮೊಸರಿನ ಪೊಟ್ಯಾಸಿಯಂ. ಸೆಖೆಗೆ ಅನ್ನ ಸೇರದ ಮಧ್ಯಾಹ್ನ ಇಷ್ಟಪಟ್ಟು ತಿನ್ನುವ ರೂಪದಲ್ಲಿ ನೀರು, ಉಪ್ಪು, ಪ್ರೋಟೀನ್ ಒಟ್ಟಿಗೆ ಬರುವುದನ್ನು ನಾನು ಸಣ್ಣ ಲಾಭವೆಂದು ಎಣಿಸಲಾರೆ. ಆದರೂ ಈ ಲಾಭ ಎಲ್ಲ ಊರಿನಲ್ಲೂ ಒಂದೇ ತೆರನಲ್ಲ. ರಾಯಚೂರಿನ ಒಣ ಬಿಸಿಲಿನಲ್ಲಿ ಬೆವರು ಬಂದದ್ದೇ ಆರುತ್ತದೆ, ದೇಹ ತಣಿಯುತ್ತದೆ. ಮಂಗಳೂರಿನ ತೇವದ ಗಾಳಿಯಲ್ಲಿ ಅದು ಆರದೆ ತೊಟ್ಟಿಕ್ಕುತ್ತದೆ, ನೀರೂ ಉಪ್ಪೂ ಹೋಗುತ್ತವೆ, ತಂಪು ಮಾತ್ರ ಸಿಗುವುದಿಲ್ಲ. ಅಲ್ಲಿ ಫ್ಯಾನಿನ ಗಾಳಿಯಿಲ್ಲದೆ ಬಟ್ಟಲಿನ ಕೆಲಸ ಪೂರ್ತಿಯಾಗದು.

ಹಿರಿಯರು ಆಹಾರವನ್ನು ಉಷ್ಣ, ಶೀತ ಎಂದು ವಿಂಗಡಿಸಿದ್ದು ಹಾಗಾದರೆ ಸುಳ್ಳೇ ಎಂದು ಕೇಳುವವರಿದ್ದಾರೆ. ಚರಕಸಂಹಿತೆಯೂ ಅಷ್ಟಾಂಗಹೃದಯವೂ ಮೊಸರನ್ನು ಉಷ್ಣ ಗುಣದ್ದೆಂದೇ ಹೇಳುತ್ತವೆ ಎಂಬುದನ್ನು ಇಲ್ಲಿ ನೆನೆಯಬೇಕು. ಮೊಸರು ತಂಪು ಎಂಬ ಜನರ ಮಾತಿಗೂ ಶಾಸ್ತ್ರದ ಮಾತಿಗೂ ಹೊಂದಿಕೆಯಿಲ್ಲ. ಆ ವಿಂಗಡಣೆಯ ಉದ್ದೇಶ ತಾಪಮಾನ ಅಳೆಯುವುದಲ್ಲ. ಜೀರ್ಣ, ಕಫ, ಪಿತ್ತಗಳ ಮೇಲಿನ ಪರಿಣಾಮವನ್ನು ಹೇಳುವುದು. ಅದನ್ನು ಥರ್ಮಾಮೀಟರಿನಿಂದ ಸರಿ ಎನ್ನುವುದೂ ತಪ್ಪು ಎನ್ನುವುದೂ ಅದಕ್ಕೆ ಮಾಡುವ ಅನ್ಯಾಯ. ನನ್ನ ತಕರಾರು ಇರುವುದು ಈಚಿನ ಅರೆವಿಜ್ಞಾನದ ಮಾತಿನೊಂದಿಗೆ, ತಣ್ಣನೆಯದನ್ನು ತಿಂದರೆ ದೇಹದ ತಾಪ ಇಳಿಯುತ್ತದೆ ಎಂಬುದರೊಂದಿಗೆ.

ಪುದೀನದ ವಿಷಯದಲ್ಲೂ ಇಂಥದೇ ಒಂದು ಗೊಂದಲವಿದೆ. ಮೆಂಥಾಲ್ ಎಂಬ ವಸ್ತು ತಣುವನ್ನು ತಿಳಿಸುವ ಟಿಆರ್‌ಪಿಎಂ8 ಎಂಬ ದ್ವಾರವನ್ನು ತೆರೆಯುತ್ತದೆ. ಜೂಲಿಯಸ್ ಮತ್ತು ಪಟಪೂಟಿಯನ್ ಅವರ ತಂಡಗಳು 2002ರಲ್ಲಿ ಬೇರೆಬೇರೆಯಾಗಿ ಇದನ್ನು ಕಂಡುಕೊಂಡವು. ಮೆಂಥಾಲ್ ಬಾಯಿಗೆ ಬಿದ್ದಾಗ ತಾಪಮಾನ ಒಂದಿಷ್ಟೂ ಇಳಿಯದೆ ತಣ್ಣನೆಯ ಭಾವ ಹುಟ್ಟುತ್ತದೆ. ಆದರೆ ಅಡುಗೆಗೆ ಹೆಚ್ಚಾಗಿ ಬರುವ ಪುದೀನ ಸ್ಪಿಯರ್‌ಮಿಂಟ್ ಜಾತಿಯದು. ಅದರ ಪರಿಮಳಕ್ಕೆ ಮುಖ್ಯ ಕಾರಣ ಕಾರ್ವೋನ್, ಮೆಂಥಾಲ್ ಅಲ್ಲ. ಮೊಸರುಬಜ್ಜಿಗೆ ಪುದೀನ ಹಾಕಬೇಕಾದದ್ದು ಆ ಪರಿಮಳಕ್ಕಾಗಿ, ತಂಪಿಗೆಂದು ಕಂತೆಗಟ್ಟಲೆ ತುಂಬಿದರೆ ಸಿಗುವುದು ಕಹಿಯೇ.

ಈಗ ಮಾಡುವ ಕ್ರಮ. ಮೊಸರುಬಜ್ಜಿ ಎರಡು ಕೆಲಸ ಮಾಡುತ್ತದೆ ಎಂದಾದರೆ ಎರಡಕ್ಕೂ ಒಂದೇ ಹದ ಹೊಂದಲಾರದು. ಖಾರದ ಬಿರಿಯಾನಿಯ ಜೊತೆಗಾದರೆ ಪ್ರೋಟೀನ್ ಒತ್ತಾಗಿರಬೇಕು: ಗಟ್ಟಿ ಮೊಸರು, ನೀರು ಬೆರೆಸಬಾರದು, ಸೌತೆಕಾಯಿಯನ್ನು ಹೆಚ್ಚಿ ಉಪ್ಪು ಹಚ್ಚಿ ಹತ್ತು ನಿಮಿಷ ಬಿಟ್ಟು ಹಿಂಡಿ ಹಾಕಬೇಕು. ಉಪ್ಪು ಸೌತೆಕಾಯಿಯ ಜೀವಕೋಶಗಳಿಂದ ನೀರನ್ನು ಹೊರಗೆ ಎಳೆಯುತ್ತದೆ. ಹಿಂಡದೆ ಹಾಗೇ ಬೆರೆಸಿದರೆ ಅದೇ ನೀರು ಬಟ್ಟಲಿನಲ್ಲಿ ಸೇರಿ ಮೊಸರನ್ನು ತೆಳು ಮಾಡುತ್ತದೆ. ಬಿಸಿಲಿನ ಮಧ್ಯಾಹ್ನದ ಅನ್ನಕ್ಕಾದರೆ ಹಿಂಡುವುದೇ ನಷ್ಟ. ನೂರಕ್ಕೆ ತೊಂಬತ್ತೈದು ಪಾಲು ನೀರೇ ಆಗಿರುವ ಸೌತೆಕಾಯಿಯಿಂದ ಬೇಕಾದದ್ದನ್ನೇ ಚೆಲ್ಲಿದಂತಾಗುತ್ತದೆ. ಆಗ ಸೌತೆಕಾಯಿ ತುರಿದು ಹಾಗೇ ಬೆರೆಸಿ, ಉಪ್ಪನ್ನು ಬಡಿಸುವ ಮುಂಚೆ ಹಾಕಬೇಕು. ಮಲೆನಾಡಿನ ತಂಬುಳಿ ಈ ದಾರಿಯಲ್ಲಿ ಇನ್ನೂ ಮುಂದೆ ಹೋಗಿದೆ: ಒಂದೆಲಗವನ್ನೋ ದೊಡ್ಡಪತ್ರೆಯನ್ನೋ ಕಾಯಿ, ಜೀರಿಗೆಯೊಡನೆ ಅರೆದು ಮಜ್ಜಿಗೆಗೆ ಬೆರೆಸಿ ಕುಡಿಯುವಷ್ಟು ತೆಳ್ಳಗೆ ಮಾಡುತ್ತಾರೆ. ಬೇಸಿಗೆಗೆ ಅದೇ ಮೇಲು ಎಂಬುದು ನನ್ನ ಅಭಿಪ್ರಾಯ. ಮೊಸರನ್ನು ಬ್ಲೆಂಡರಿಗೆ ಕೊಡಬಾರದು. ಜಾಲ ಪೂರ್ತಿ ಹರಿದು ನೀರಾಗುತ್ತದೆ, ಚಮಚದಲ್ಲಿ ನಾಲ್ಕು ಸುತ್ತು ಸಾಕು. ಒಗ್ಗರಣೆಯನ್ನು ಕಾದಂತೆಯೇ ಸುರಿದರೆ ಎಣ್ಣೆ ತಾಗಿದಲ್ಲೆಲ್ಲ ಪ್ರೋಟೀನ್ ಬಿಗಿದು ತರಿತರಿಯಾಗುತ್ತದೆ, ಆದ್ದರಿಂದ ಸದ್ದು ಅಡಗುವ ತನಕ ಆರಿಸಬೇಕು. ಒಣಮೆಣಸು ಮುರಿದು ಹಾಕಿದ ಒಗ್ಗರಣೆಯಾದರೆ ಅದರ ಖಾರವೆಲ್ಲ ಎಣ್ಣೆಗೆ ಇಳಿದಿರುತ್ತದೆ ಎಂಬುದೂ ನೆನಪಿರಲಿ. ಬಣ್ಣ ಹೆಚ್ಚು, ಖಾರ ಕಡಿಮೆ ಇರುವ ಬ್ಯಾಡಗಿ ಮೆಣಸು ಇಲ್ಲಿ ಒಳ್ಳೆಯದು. ಫ್ರಿಜ್ಜಿನಿಂದ ತೆಗೆದು ಹತ್ತು ನಿಮಿಷ ಹೊರಗಿಟ್ಟು ಬಡಿಸಿದರೆ ತಂಪಿಗೆ ನಷ್ಟವೇನೂ ಇಲ್ಲ, ಅತಿ ಶೀತದಲ್ಲಿ ಮಂಕಾಗಿದ್ದ ರುಚಿ ಮರಳುತ್ತದೆ. ಆದರೆ ಊಟ ಮುಗಿದ ಮೇಲೆ ಉಳಿದದ್ದನ್ನು ಮೇಜಿನ ಮೇಲೆ ಬಿಡಬಾರದು. ಮೊಸರಿನ ಬ್ಯಾಕ್ಟೀರಿಯಾಗಳಿಗೆ ಬೇಸಿಗೆಯ ಅಡುಗೆಮನೆ ಹಿತವಾದ ಜಾಗ, ಸಂಜೆಯೊಳಗೆ ಅದು ಹುಳಿಯಾಗಿ ನೀರು ಬಿಟ್ಟಿರುತ್ತದೆ.