ಮೀನು ಹೊಂಡಕ್ಕೆ ಎಂಥ ಕೋಡಿ ತಕ್ಕದ್ದು?



ಹೊಂಡದಲ್ಲಿ ಕಾಟ್ಲಾ, ರೋಹು, ಮೃಗಾಲ್ ಮರಿಗಳನ್ನು ಬಿಡುವವರು ನೀರು ಒಳಗೆ ಬರುವ ದಾರಿಯನ್ನು ಮುತುವರ್ಜಿಯಿಂದ ಮಾಡುತ್ತಾರೆ. ಹೆಚ್ಚಿನ ನೀರು ಹೊರಗೆ ಹೋಗುವ ದಾರಿಯನ್ನು ಮರೆಯುತ್ತಾರೆ. ಒಂದು ರಾತ್ರಿಯ ಮಳೆಗೆ ನೀರು ಏರಿಯ ಮೇಲೆ ಹರಿದರೆ ಮಣ್ಣೂ ಹೋಯಿತು, ಮೀನೂ ಹೋಯಿತು. ಆದುದರಿಂದ ಮರಿ ಬಿಡುವ ಮೊದಲೇ ಕೋಡಿಯ ವಿಚಾರ ಮಾಡಿರಿ.

ಮೊದಲು ನೀರಿನ ಲೆಕ್ಕ. ಒಂದು ಎಕರೆಯ ಮೇಲೆ ಒಂದು ಅಂಗುಲ ಮಳೆ ಬಿದ್ದರೆ ಸುಮಾರು 1 ಲಕ್ಷ ಲೀಟರು ನೀರು. ಅರ್ಧ ಇಂಗಿದರೂ 50,000 ಲೀಟರು ಹರಿದು ಬರುತ್ತದೆ. ನಿಮ್ಮ ಹೊಂಡಕ್ಕೆ ಎಷ್ಟು ಎಕರೆಯ ನೀರು ಇಳಿಯುತ್ತದೆಂದು ನೋಡಿಕೊಳ್ಳಿರಿ.

1. ತೆರೆದ ಕೋಡಿ: ಹಲವು ಎಕರೆಯ ನೀರು ಬರುವಲ್ಲಿ ಇದು ಇರಲೇಬೇಕು. ಗಟ್ಟಿ ನೆಲ ನೋಡಿ, ಏರಿಯ ತಲೆಗಿಂತ ತಗ್ಗಿನಲ್ಲಿ ಕಲ್ಲಿನಿಂದ ಅಗಲವಾಗಿ ಕಟ್ಟಿರಿ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಕ್ಕೂ ಇದೇ ಮೇಲು. ಕೊಳವೆಗಾಗಿ ಹಾಳೆ ಕೊರೆದರೆ ಸೋರುವ ಭಯವುಂಟು. ಇದರ ಕೊರತೆಯೆಂದರೆ, ಮೇಲಿನ ಒಳ್ಳೆಯ ನೀರು ಹೊರಟುಹೋಗಿ ತಳದ ಕೆಟ್ಟ ನೀರು ಉಳಿಯುತ್ತದೆ.

2. ನಿಲ್ಲಿಸಿದ ಕೊಳವೆ: ಏರಿಯ ಅಡಿಯಲ್ಲಿ ಕೊಳವೆ ಹಾಯಿಸಿ, ಹೊಂಡದೊಳಗೆ ಅದರ ತುದಿಗೆ ಮತ್ತೊಂದನ್ನು ನೆಟ್ಟಗೆ ನಿಲ್ಲಿಸಿರಿ. ನೀರು ಅದರ ಬಾಯಿ ಮುಟ್ಟಿದೊಡನೆ ಒಳಗಿಳಿದು ಹೊರಗೆ ಹೋಗುತ್ತದೆ. ಇದಕ್ಕೆ ಇನ್ನೊಂದು ದಪ್ಪ ಕೊಳವೆಯನ್ನು ತೊಡಿಸಿ, ಅದರ ಬುಡದಲ್ಲಿ ಕಂಡಿ ಕೊರೆದು, ತಲೆಯನ್ನು ನೀರಿನ ಮೇಲೆ ಬಿಡಿರಿ. ಆಗ ಮೊದಲು ಹೋಗುವುದು ತಳದ ಕೊಳಕು ನೀರು. ನಾಲ್ಕಂಗುಲದ ಒಂದು ಕೊಳವೆಗೆ ಎರಡಂಗುಲದ ಎರಡು ಸಮವಲ್ಲ. ಅದರ ಬಾಯಿ ಎರಡಂಗುಲದ್ದರ ನಾಲ್ಕರಷ್ಟು ದೊಡ್ಡದು.

3. ಸೈಫನ್: ಏರಿಯ ಮೇಲೆ ಹಾಯಿಸಿದ ಈ ಕೊಳವೆಗೆ ಅಗೆತ ಬೇಡ, ಖರ್ಚೂ ಕಡಿಮೆ. ಆದರೆ ಗಾಳಿ ಹೊಕ್ಕರೆ ನಿಂತುಹೋಗುತ್ತದೆ, ತಾನಾಗಿ ಮತ್ತೆ ಹರಿಯದು. ನೀರು ತಗ್ಗಿಸಲು ಬಳಸಿರಿ. ಮಳೆಯ ರಾತ್ರಿಗೆ ನಂಬಬೇಡಿರಿ.

ಯಾವುದಕ್ಕಾದರೂ ಮರಿ ನುಸುಳದಂಥ ಜಾಲರಿ ಅವಶ್ಯ. ಬಾಯಿಗೆ ಬಿಗಿದು ಕಟ್ಟಿದರೆ ನಾಲ್ಕು ಎಲೆಗೇ ಮುಚ್ಚಿಹೋಗುತ್ತದೆ. ಬಾಯಿಯಿಂದ ದೂರಕ್ಕೆ, ಅರ್ಧಚಂದ್ರಾಕಾರವಾಗಿ, ಅಗಲವಾಗಿ ನಿಲ್ಲಿಸಿರಿ. ಮಳೆಗಾಲದಲ್ಲಿ ದಿನವೂ ಕಸ ತೆಗೆಯಿರಿ. ಹೊಸ ನೀರಿಗೆ ಮೀನು ಎದುರು ಈಜುವುದರಿಂದ ನೀರು ಬರುವ ಬಾಯಿಗೂ ಜಾಲರಿ ಬೇಕು.

ಅನುಕೂಲವಿದ್ದವರು ಎರಡನ್ನೂ ಮಾಡಿಕೊಳ್ಳುವುದು ಲೇಸು: ನಿತ್ಯದ ನೀರಿಗೆ ಕೊಳವೆ, ಅದಕ್ಕಿಂತ ಸ್ವಲ್ಪ ಎತ್ತರದಲ್ಲಿ ದೊಡ್ಡ ಮಳೆಗೆ ತೆರೆದ ಕೋಡಿ. ಒಂದು ಕಟ್ಟಿಕೊಂಡರೂ ಇನ್ನೊಂದು ಏರಿಯನ್ನು ಕಾಯುತ್ತದೆ.