ರಾಮದೇವರ ಬೆಟ್ಟದಲ್ಲೇ ಏಕೆ ರಣಹದ್ದು?

ಪ್ರಶ್ನೆ: ನಮ್ಮೂರ ಕಡೆ ಕಾಣದ ರಣಹದ್ದು ರಾಮನಗರದಲ್ಲಿ ಹೇಗೆ ಉಳಿದಿದೆ?

ಉತ್ತರ: ಬಂಡೆಯಿಂದ. ಉದ್ದಕೊಕ್ಕಿನ ರಣಹದ್ದು ಕಡಿದಾದ ಬಂಡೆಯ ಚಾಚಿನಲ್ಲಿ ಗೂಡು ಕಟ್ಟಿ, ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ರಾಮದೇವರ ಬೆಟ್ಟದ್ದು ಸುಮಾರು 250 ಕೋಟಿ ವರ್ಷ ಹಳೆಯ ಕ್ಲೋಸ್‌ಪೇಟೆ ಗ್ರಾನೈಟು. ರಾಮನಗರದ ಹಳೆಯ ಹೆಸರೇ ಭೂವಿಜ್ಞಾನಕ್ಕೆ ಸೇರಿಬಿಟ್ಟಿದೆ. ಬಂಡೆಗೋಡೆಯ ಮೇಲೆ ಸುಣ್ಣ ಸುರಿದಂಥ ಬಿಳಿ ಗೀರು ಕಂಡರೆ ಅದು ಹದ್ದಿನ ಹಿಕ್ಕೆ, ಅಲ್ಲೇ ಆಸುಪಾಸಿನಲ್ಲಿ ಗೂಡು.

ಉಳಿದೆಡೆ ಇವುಗಳನ್ನು ಕೊಂದದ್ದು ದನಗಳ ನೋವಿನ ಔಷಧಿ ಡೈಕ್ಲೊಫೆನಾಕ್. ಅದು ಸೇರಿದ ಸತ್ತ ದನದ ಮಾಂಸ ತಿಂದ ಹದ್ದಿನ ಮೂತ್ರಪಿಂಡ ಕೆಟ್ಟುಹೋಗುತ್ತದೆ. ಜಾನುವಾರುಗಳಿಗೆ ಅದನ್ನು ಕೊಡುವುದನ್ನು 2006ರಲ್ಲಿ ನಿಷೇಧಿಸಲಾಯಿತು. ಹದ್ದುಗಳಿಗೆ ಅದರಂತೆಯೇ ಮಾರಕವಾದ ಕೀಟೊಪ್ರೊಫೆನ್, ಅಸೆಕ್ಲೊಫೆನಾಕ್ ಔಷಧಿಗಳ ನಿಷೇಧಕ್ಕೆ 2023ರವರೆಗೆ ಕಾಯಬೇಕಾಯಿತು. ತೀರಾ ತಡವಾಯಿತೆಂದೇ ಹೇಳಬೇಕು.

2012ರಲ್ಲಿ ರಾಮದೇವರ ಬೆಟ್ಟದ 346 ಹೆಕ್ಟೇರ್ ಪ್ರದೇಶ ರಣಹದ್ದು ಅಭಯಾರಣ್ಯವಾಯಿತು. ಬೆಟ್ಟದ ಮೇಲೆ ಪಟ್ಟಾಭಿರಾಮನ ಗುಡಿಯಿದೆ, ‘ಶೋಲೆ’ ಚಿತ್ರೀಕರಣದ ಖ್ಯಾತಿಯೂ ಇದೆ. ಹಾಗಾಗಿ ಜನ ಬರುತ್ತಾರೆ, ಬರಲಿ. ಆದರೆ ಗದ್ದಲಕ್ಕೆ ಬೆದರಿದ ಹದ್ದು ಗೂಡು ಬಿಟ್ಟೀತು. ಬೆಟ್ಟ ಹತ್ತುವವರು ದಯವಿಟ್ಟು ಸ್ಪೀಕರ್ ಮನೆಯಲ್ಲೇ ಬಿಟ್ಟು ಬನ್ನಿ.