ಬಾಡಿಗೆಯವರೇ ಯಜಮಾನರಾದರೆ

“ತಾ ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು” ಎಂಬ ಗಾದೆಯನ್ನು ನಮ್ಮಲ್ಲಿ ಬೇಸಾಯಕ್ಕೆ ಹೇಳುವುದು ವಾಡಿಕೆ. ಇಂಗ್ಲೆಂಡಿನ ಸಾರ್ವಜನಿಕ ವಸತಿಗಳ ಚರಿತ್ರೆಯನ್ನು ನೋಡಿದರೆ ಈ ಮಾತು ವಾಸದ ಮನೆಗೂ ಸಲ್ಲುವುದೆಂದು ತೋರುತ್ತದೆ.

1919ರ ವಸತಿ ಶಾಸನದ ತರುವಾಯ ಆ ದೇಶದ ಕೌನ್ಸಿಲುಗಳು, ಎಂದರೆ ಸ್ಥಳೀಯ ಆಡಳಿತ ಸಂಸ್ಥೆಗಳು, ಲಕ್ಷಾಂತರ ಮನೆಗಳನ್ನು ಕಟ್ಟಿಸಿ ದುಡಿಯುವ ಜನರಿಗೆ ಬಾಡಿಗೆಗೆ ಕೊಟ್ಟವು. ಇದೊಂದು ದೊಡ್ಡ ಲೋಕೋಪಕಾರವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸೋರುವ ಮಾಡನ್ನು ಯಾವಾಗ ರಿಪೇರಿ ಮಾಡಬೇಕು, ಖಾಲಿಯಾದ ಮನೆಯನ್ನು ಯಾರಿಗೆ ಕೊಡಬೇಕು ಎಂಬುದನ್ನೆಲ್ಲ ನಿರ್ಧರಿಸುವವರು ಕಚೇರಿಯ ಅಧಿಕಾರಿಗಳು; ಅದರ ಫಲವನ್ನು ಅನುಭವಿಸುವವರು ಮಾತ್ರ ಬಾಡಿಗೆದಾರರು.

ಈ ಅಂತರವನ್ನು ತೊಡೆಯಲು ಹೊರಟವರಲ್ಲಿ ಪಶ್ಚಿಮ ಲಂಡನ್ನಿನ ವಾಲ್ಟರ್ಟನ್ ಮತ್ತು ಎಲ್ಜಿನ್ ಬಡಾವಣೆಗಳ ನಿವಾಸಿಗಳು ಪ್ರಸಿದ್ಧರು. 1985ರಲ್ಲಿ ವೆಸ್ಟ್‌ಮಿನ್‌ಸ್ಟರ್ ಕೌನ್ಸಿಲು ಈ ಬಡಾವಣೆಗಳನ್ನು ಖಾಸಗಿಯವರಿಗೆ ಮಾರಲು ಯೋಚಿಸಿದಾಗ ನಿವಾಸಿಗಳು ಸಂಘ ಕಟ್ಟಿಕೊಂಡು ಪ್ರತಿಭಟಿಸಿದರು. ಅಷ್ಟರಲ್ಲಿ 1988ರ ವಸತಿ ಶಾಸನ ಬಂದಿತು. ಕೌನ್ಸಿಲಿನ ಮನೆಗಳನ್ನು ಬೇರೆ ಒಡೆಯರು ವಹಿಸಿಕೊಳ್ಳಲು ಅದು ಅವಕಾಶ ಕೊಟ್ಟಿತು. ಮತ ಹಾಕದವರೂ ಒಪ್ಪಿದವರೆಂದೇ ಲೆಕ್ಕವಾಗುತ್ತಿದ್ದುದರಿಂದ ಜನರಿಗೆ ಭಯವಾದುದು ಸಹಜವೇ. ಆದರೆ ಆ “ಬೇರೆ ಒಡೆಯರು” ತಾವೇ ಏಕಾಗಬಾರದು? ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವಂತೆ, ಅವರು ತಮ್ಮದೇ ಸಂಸ್ಥೆಯನ್ನು ಸ್ಥಾಪಿಸಿ 1992ರಲ್ಲಿ 921 ಮನೆಗಳನ್ನು ವಶಕ್ಕೆ ತೆಗೆದುಕೊಂಡರು. ಮನೆಗಳ ಬೆಲೆಗಿಂತ ರಿಪೇರಿಯ ಖರ್ಚೇ ಹೆಚ್ಚೆಂದು ಕಂಡುದರಿಂದ ಕೌನ್ಸಿಲು ಒಂದೂಮುಕ್ಕಾಲು ಕೋಟಿ ಪೌಂಡುಗಳನ್ನೂ ತೆರಬೇಕಾಯಿತು.

ಒಡೆತನವನ್ನು ಬಯಸದವರಿಗೂ 1994ರ ನಿಯಮಾವಳಿ ಇನ್ನೊಂದು ದಾರಿಯನ್ನು ತೆರೆಯಿತು. ಒಂದು ಬಡಾವಣೆಯ ಬಾಡಿಗೆದಾರರು ಸಂಘ ರಚಿಸಿ, ತರಬೇತಿ ಪಡೆದು, ಮತದಾನದಲ್ಲಿ ನೆರೆಹೊರೆಯವರ ಬಹುಮತ ಗಳಿಸಿದರೆ ನಿರ್ವಹಣೆಯ ಹಕ್ಕು ಅವರದಾಗುತ್ತದೆ. ಕೌನ್ಸಿಲು ಒಡೆಯನಾಗಿಯೇ ಉಳಿದು ಖರ್ಚಿಗೆ ಹಣ ಕೊಡುತ್ತದೆ. ಚುನಾಯಿತ ಸಮಿತಿಯು ಕರಾರಿನ ಪ್ರಕಾರ ರಿಪೇರಿ, ನೈರ್ಮಲ್ಯ, ಬಾಡಿಗೆ ವಸೂಲಿ ಮೊದಲಾದುವನ್ನು ನೋಡಿಕೊಳ್ಳುತ್ತದೆ. ಬಾಡಿಗೆದಾರರ ಕಾನೂನುಬದ್ಧ ಹಕ್ಕುಗಳಿಗೆ ಇದರಿಂದ ಚ್ಯುತಿಯಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಸತ್ಯದ ಅರ್ಧವನ್ನು ಮಾತ್ರ ಹೇಳಿದಂತಾಗುತ್ತದೆ. ಲಂಡನ್ನಿನ ಕೆನ್ಸಿಂಗ್ಟನ್ ಮತ್ತು ಚೆಲ್ಸಿ ವಿಭಾಗದಲ್ಲಿ 1996ರಲ್ಲಿ ಬಾಡಿಗೆದಾರರ ನಿರ್ವಹಣಾ ಸಂಸ್ಥೆಯೊಂದು ಹುಟ್ಟಿತು. ಅದರ ಮಂಡಲಿಯಲ್ಲಿ ನಿವಾಸಿಗಳ ಪ್ರತಿನಿಧಿಗಳಿದ್ದರು. ಆದರೆ ಒಂದು ಬಡಾವಣೆಯಲ್ಲ, ಇಡೀ ವಿಭಾಗದ ಸಾವಿರಾರು ಮನೆಗಳು ಅದರ ಕೈಯಲ್ಲಿದ್ದವು. ಅದು ನೋಡಿಕೊಳ್ಳುತ್ತಿದ್ದ ಗ್ರೆನ್‌ಫೆಲ್ ಗೋಪುರದ ನಿವಾಸಿಗಳ ಗುಂಪೊಂದು ಬೆಂಕಿಯ ಅಪಾಯದ ಬಗ್ಗೆ 2016ರಲ್ಲಿಯೇ ಎಚ್ಚರಿಸಿತ್ತು. 2017ರ ಜೂನ್ 14ರ ರಾತ್ರಿ ಆ ಗೋಪುರ ಹೊತ್ತಿ ಉರಿದು 72 ಮಂದಿ ಪ್ರಾಣ ಕಳೆದುಕೊಂಡರು. ಗೋಡೆಗಳಿಗೆ ಹೊಸದಾಗಿ ಹೊದಿಸಿದ್ದ ಸುಲಭವಾಗಿ ಉರಿಯುವ ಹೊದಿಕೆಯೇ ಬೆಂಕಿ ಹರಡಲು ಮುಖ್ಯ ಕಾರಣವಾಯಿತು. 2018ರಲ್ಲಿ ಮನೆಗಳ ನಿರ್ವಹಣೆ ಕೌನ್ಸಿಲಿಗೇ ಮರಳಿತು. 2024ರ ವಿಚಾರಣಾ ವರದಿಯು ತಯಾರಕರು, ಸರ್ಕಾರ, ಕೌನ್ಸಿಲು ಮೊದಲಾದ ಹಲವರ ತಪ್ಪನ್ನು ಎತ್ತಿತೋರಿಸಿ, ಈ ಸಂಸ್ಥೆಗೂ ನಿವಾಸಿಗಳಿಗೂ ನಡುವೆ ನಂಬಿಕೆಯೇ ಉಳಿದಿರಲಿಲ್ಲವೆಂದಿತು.

ಎರಡು ಕಡೆಯೂ ಬಾಡಿಗೆದಾರರ ಹೆಸರಿತ್ತು. ಒಂದು ಕಡೆ ಪಕ್ಕದ ಮನೆಯವನನ್ನೇ ನಿಲ್ಲಿಸಿ “ನನ್ನ ಮಾಡು ಏಕೆ ಸೋರುತ್ತಿದೆ?” ಎಂದು ಕೇಳಬಹುದಾಗಿತ್ತು, ಇನ್ನೊಂದು ಕಡೆ ಸಂಸ್ಥೆಯೇ ದೊಡ್ಡ ಕಚೇರಿಯಾಗಿ ಬೆಳೆದಿತ್ತು. ಸ್ವಂತ ಆಡಳಿತವೆಂಬುದು ಫಲಕದ ಮೇಲೆ ಬರೆದ ಮಾತ್ರಕ್ಕೆ ಬರುವುದಿಲ್ಲ. ದೂರು ಹೇಳುವವನ ದನಿ ತೀರ್ಮಾನ ಮಾಡುವವನ ಕಿವಿಗೆ ಮುಟ್ಟುವಷ್ಟು ಹತ್ತಿರದಲ್ಲಿ ಇಬ್ಬರೂ ಇರಬೇಕು. ನಮ್ಮ ಗಾದೆಯಲ್ಲಿ “ತಾ” ಎಂಬ ಒಂದಕ್ಷರಕ್ಕೆ ಇರುವ ತೂಕ ಇದೇ ಅಲ್ಲವೆ?